ಎಡ ಥ್ರೆಡ್ಡು

ಅತ್ತಿಗೆ ಗಾಡಿಯನ್ನು ತಳ್ಳಿಕೊಂಡೇ ಬಂದಿದ್ದಳು. ಲೇತ್ ಅಂಗಡಿಯ ಬಾಗಿಲಲ್ಲಿ ಚರಂಡಿಗೆ ಅಡ್ಡ ಹಾಕಿದ ಕಲ್ಲಿನ ಮೇಲೆ ಮುಂದಿನ ಚಕ್ರ ಹತ್ತಿತು, ಹಿಂದಿನದು ಹತ್ತಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಸರಳು ಹಿಡಿದು ಏದುಸಿರು ಬಿಡುತ್ತ ನಿಂತವಳನ್ನು ಅವಳ ಮೈದುನ, ಮನೆಯ ಚಿಕ್ಕವನು, ಒಳಗಿನಿಂದ ನೋಡಿದ. ನೋಡಿದವನು ಹೋಗಿ ಕೈ ಕೊಡಬೇಕೋ ಬೇಡವೋ? ಕೊಡಲಿಲ್ಲ. ಲೇತಿನಲ್ಲಿ ಸುತ್ತುತ್ತಿದ್ದ ಕಬ್ಬಿಣದ ಕಡೆಗೆ ತಿರುಗಿ, ಅಲ್ಲೇನೋ ಪ್ರಪಂಚ ಮುಳುಗುವ ಕೆಲಸ ಇದೆ ಅನ್ನುವ ಹಾಗೆ ಬಗ್ಗಿದ. ಕೊನೆಗೆ ಅಂಗಡಿಯ ಯಜಮಾನರೇ ಸೊಂಟ ಹಿಡಿದುಕೊಂಡು ಎದ್ದು ಹೋಗಿ ಗಾಡಿಯನ್ನು ಒಳಗೆ ಎಳೆದುಕೊಂಡರು.

ಅತ್ತಿಗೆಯನ್ನು ನೋಡದೆ ಇರಬಹುದಿತ್ತು, ಗಾಡಿಯನ್ನು ನೋಡದೆ ಇರಲು ಅವನಿಂದ ಆಗಲಿಲ್ಲ. ಅದು ಅಪ್ಪನ ಗಾಡಿ. ಹಸಿರು ಟ್ಯಾಂಕಿನ ಎರಡೂ ಬದಿಗೆ ಅಪ್ಪನ ಮೊಣಕಾಲು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಹಾಗೇ ಇತ್ತು. ಆ ಟ್ಯಾಂಕಿನ ಮೇಲೆ ಕೂತು ಇವನು ಊರೆಲ್ಲ ಸುತ್ತಿದ್ದ. ಮನೆ ಬಿಟ್ಟ ಮೇಲೆ ಅದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ. ಎಂಜಿನ್ನಿನ ಹೊಟ್ಟೆಯ ಕೆಳಗೆ, ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಇರಬೇಕಾದ ಕಡೆ, ಒಂದು ಚಿಂದಿ ಬಟ್ಟೆ ತುರುಕಿತ್ತು.

ಬೋಲ್ಟಿನ ಥ್ರೆಡ್ ಹೋಗಿದೆ ಅಂತ ಅತ್ತಿಗೆ ಯಜಮಾನರಿಗೆ ಹೇಳಿದಳು. ತಿರುಗಿಸಿದರೆ ಬೋಲ್ಟು ಸುಮ್ಮನೆ ಸುತ್ತುತ್ತಲೇ ಇರುತ್ತದಂತೆ, ಹಿಡಿಯುವುದೇ ಇಲ್ಲವಂತೆ. ಉಕ್ಕಿನ ಬುಷ್ಷೆಂಬ ಸಣ್ಣ ಬಳೆ ಕೂರಿಸಿ ಅದರೊಳಗೆ ಹೊಸ ಥ್ರೆಡ್ ಹಾಕಿಕೊಡಬೇಕಂತೆ. "ನಿಮ್ಮ ಕೈಯಿಂದಲೇ ಆಗಬೇಕಂತೆ" ಎಂದು ಗಂಡನ ಮಾತನ್ನು ಒತ್ತಿ ಸೇರಿಸಿದಳು. ಯಜಮಾನರು ಎರಡೂ ಕೈ ಎತ್ತಿ ತೋರಿಸಿದರು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು.

"ಈ ಕೈಯಲ್ಲಿ ಚಹಾ ಕುಡಿದ್ರೆ ಅರ್ಧ ಅಂಗಿಗೇ ಹೋಗುತ್ತೆ ಕಣಮ್ಮ. ಮಾಡೋನು ಅವನು. ಬೇಕಾದ್ರೆ ಬಿಟ್ಟು ಹೋಗು, ಬೇಡದಿದ್ರೆ ತಳ್ಕೊಂಡು ಹೋಗು."

ಊರಿನಲ್ಲಿ ಬೇರೆ ಲೇತ್ ಇರಲಿಲ್ಲ. ಅತ್ತಿಗೆ ಮೈದುನನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದಳು. ನಾಳೆ ಬರುತ್ತೇನೆ ಅಂತ ಗೋಡೆಗೆ ಹೇಳಿದ ಹಾಗೆ ಹೇಳಿ ಹೊರಟುಹೋದಳು.

ಥ್ರೆಡ್ ಯಾಕೆ ಹೋಯಿತು ಅಂತ ಚಿಕ್ಕವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಣ್ಣನ ಕೈ ಅವನಿಗೆ ಗೊತ್ತಿಲ್ಲವೇ? ಬೋಲ್ಟು ತಿರುಗಿಸುವ ಪಾನಾ ಸಾಲದು ಅಂತ ಅದರ ತುದಿಗೊಂದು ಉದ್ದದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಬಿಗಿಮಾಡುವ ಕೈ ಅದು. ಅಪ್ಪ ಬಾಯಿ ನೋಯುವಷ್ಟು ಹೇಳಿದ್ದ. ಬೋಲ್ಟು ಉಕ್ಕು, ಎಂಜಿನ್ನಿನ ಹೊಟ್ಟೆ ಅಲ್ಯೂಮಿನಿಯಂ. ಉಕ್ಕಿಗೇನೂ ಆಗುವುದಿಲ್ಲ, ಸಾಯುವುದು ಮೆತ್ತನೆಯದು. ಪಾನಾ ನಿಂತ ಮೇಲೆ ಒಂದು ಕೂದಲೆಳೆಯಷ್ಟು ತಿರುಗಿಸು, ಸಾಕು, ಬಿಡು. ಅಣ್ಣ ತಲೆಯಾಡಿಸಿ, ಆಮೇಲೆ ಪೈಪು ಹುಡುಕುತ್ತಿದ್ದ. ಇನ್ನೊಬ್ಬರನ್ನು ಕೇಳಿ ಕೆಲಸ ಮಾಡುವ ಜಾಯಮಾನವೇ ಅಲ್ಲ ಆ ಮಹಾರಾಯನದು.

ಆ ಕೈಯೇ ಒಮ್ಮೆ ಅಂಚೆಯಣ್ಣನ ಗಾಡಿಯ ಥ್ರೆಡ್ಡನ್ನೂ ತಿಂದುಹಾಕಿತ್ತು. ಆಗ ಅಪ್ಪ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. ಅಣ್ಣ ದೊಡ್ಡ ಮೇಸ್ತ್ರಿ, ಇವನು ಚಿಕ್ಕ ಮೇಸ್ತ್ರಿ, ಇಬ್ಬರೇ ಗ್ಯಾರೇಜು ನೋಡಿಕೊಳ್ಳುತ್ತಿದ್ದರು. ಥ್ರೆಡ್ ಹೋಯಿತು ಅಂತ ಒಪ್ಪಿಕೊಂಡರೆ ಮರ್ಯಾದೆಗೆ ಕಡಿಮೆಯಲ್ಲವೇ? ಅಣ್ಣ ಅಡುಗೆಮನೆಯಿಂದ ಒಂದು ತಟ್ಟೆ ತಂದು, ಅದರಲ್ಲಿ ಎರಡು ಟ್ಯೂಬಿನ ಅಂಟು ಕಲಸಿ, ಬೋಲ್ಟಿಗೆ ಮೆತ್ತಿ ತೂತಿಗೆ ಒತ್ತಿಬಿಟ್ಟ. ಕಾದ ಎಂಜಿನ್ನಿನ ಮುಂದೆ ಅಂಟಿನ ಆಟ ಎಷ್ಟು ದಿನ ನಡೆದೀತು? ನಡುರಸ್ತೆಯಲ್ಲಿ ಬೋಲ್ಟು ಉದುರಿತು, ಆಯಿಲೆಲ್ಲ ಹಿಂದಿನ ಚಕ್ರದ ಮೇಲೆ ಸುರಿಯಿತು, ಗಾಡಿಯ ಜೊತೆಗೇ ಅಂಚೆಯಣ್ಣನೂ ಜಾರಿಕೊಂಡು ಹೋದ. ಅವನ ಮೊಣಕಾಲು ಇವತ್ತಿಗೂ ಮಡಚುವುದಿಲ್ಲ.

ಬೀದಿಯವರೆಲ್ಲ ಗ್ಯಾರೇಜಿನ ಮುಂದೆ ಸೇರಿದರು. ಆ ಗಾಡಿಗೆ ಕೈ ಹಾಕಿದ್ದು ಯಾರು ಅಂತ ಗುಂಪಿನಲ್ಲಿ ಯಾರೋ ಕೇಳಿದರು. ಅಣ್ಣ ತಡವರಿಸಲೂ ಇಲ್ಲ. ತಮ್ಮನ ಕಡೆ ಬೆರಳು ತೋರಿಸಿ "ಇವನೇ" ಅಂದ. ಒಬ್ಬನ ತಲೆಯ ಮೇಲೆ ಗೂಬೆ ಕೂರಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಮಾತು ಯಾಕೆ ಬೇಕು? ಚಿಕ್ಕವನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ನಂಬಿಯಾಗಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಅಂಟು ಮೆತ್ತಿದ್ದ ತಟ್ಟೆಯನ್ನು ಕೆರೆದು ತೊಳೆದವಳು ಅವಳೇ, ತುಟಿ ಪಿಟಕ್ಕೆನ್ನಲಿಲ್ಲ.

ಬೀದಿ ನಂಬಿದ್ದು ಹಾಳಾಗಿ ಹೋಗಲಿ, ಅಪ್ಪನೂ ನಂಬಿದ. ಎಂಜಿನ್ನಿಗೆ ಅಂಟು ಹಾಕುವುದೆಂದರೆ ಅಪ್ಪನ ಪಾಲಿಗೆ ಅನ್ನದಲ್ಲಿ ವಿಷ ಬೆರೆಸಿದ ಹಾಗೆ. ಚಿಕ್ಕವನು ಮಂಚದ ಪಕ್ಕ ಕೂತು ನಾನಲ್ಲಪ್ಪ, ನಾನಲ್ಲ ಅಂತ ಅತ್ತ. ಬಾಯಾರಿದ ಅಪ್ಪನ ತುಟಿಗೆ ಲೋಟ ಹಿಡಿದಾಗ ಅಪ್ಪ ಗೋಡೆಯ ಕಡೆಗೆ ಮಗ್ಗುಲಾದ.

"ಆ ಕೈಯಿಂದ ನನಗೆ ನೀರು ಕೊಡಬೇಡ."

ಆಮೇಲೆ ಅಪ್ಪ ಅವನ ಜೊತೆ ಮಾತಾಡಲಿಲ್ಲ, ಮಾತಾಡುವುದಕ್ಕೆ ಹೆಚ್ಚು ದಿನ ಉಳಿಯಲೂ ಇಲ್ಲ. ಮಣ್ಣು ಮಾಡಿ ಬಂದ ದಿನವೇ ಚಿಕ್ಕವನು ಮನೆ ಬಿಟ್ಟ. ಬೀದಿ ಅವನಿಗೆ 'ಅಂಟು ಮೇಸ್ತ್ರಿ' ಅಂತ ಹೆಸರಿಟ್ಟಿತ್ತು. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ, ಒಂದು ಪಂಕ್ಚರ್ ಹಾಕುವುದಕ್ಕೂ ಕರೆಯಲಿಲ್ಲ. ಲೇತಿನ ಯಜಮಾನರೊಬ್ಬರೇ, ಇಲ್ಲಿ ಅಂಟಿಗೆ ಕೆಲಸವಿಲ್ಲ ಬಾ ಅಂತ ಕರೆದು ಇಟ್ಟುಕೊಂಡರು. ಅಂದಿನಿಂದ ಚಿಕ್ಕವನ ಆಸೆ ಒಂದೇ: ಅಣ್ಣ ಅದೇ ಬೀದಿಯಲ್ಲಿ, ಅದೇ ಜನರ ಮುಂದೆ, ಅಂಟು ಹಾಕಿದ್ದು ನಾನು ಅಂತ ಬಾಯಿಬಿಟ್ಟು ಹೇಳಬೇಕು. ಮದುವೆ, ಮನೆ, ಸ್ವಂತ ಅಂಗಡಿ, ಯಾವುದನ್ನೂ ಅವನು ಅಷ್ಟು ಆಸೆಪಟ್ಟಿರಲಿಲ್ಲ.

ಈಗ ನೋಡಿ, ಆ ಅಣ್ಣನ ಗಾಡಿ ತಾನಾಗಿ ಬಂದು ಮುಂದೆ ಮಲಗಿದೆ. ಎಂಜಿನ್ನಿನ ಹೊಟ್ಟೆ ಮೇಲಾಗುವ ಹಾಗೆ ಅದನ್ನು ಹಳೆಯ ಟೈರಿನ ಮೇಲೆ ಒರಗಿಸಿ, ಬಟ್ಟೆ ಎಳೆದು, ಚಿಕ್ಕವನು ತೂತಿಗೆ ಬೆರಳು ಹಾಕಿ ನೋಡಿದ. ಥ್ರೆಡ್ಡಿನ ಒಂದು ಸುತ್ತೂ ಉಳಿದಿರಲಿಲ್ಲ, ಒಳಗೋಡೆ ನುಣ್ಣಗಾಗಿತ್ತು. ಮೊದಲು ಬಂದದ್ದು ಕೆಟ್ಟ ಯೋಚನೆಯೇ. ಇದಕ್ಕೂ ಅಂಟು ಮೆತ್ತಿ ಕಳಿಸಿದರೆ? ಅಣ್ಣನೂ ಆಯಿಲಿನ ಮೇಲೆ ಜಾರಿಕೊಂಡು ಹೋಗಲಿ, ಅವನ ಮೊಣಕಾಲೂ ಮುರಿಯಲಿ. ಆ ಚಿತ್ರ ಮನಸ್ಸಿಗೆ ತುಂಬ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಹಿಂದಿನ ಸೀಟಿನಲ್ಲಿ ಅತ್ತಿಗೆ ಕೂತಿರುತ್ತಾಳೆ. ಅದೂ ಹೋಗಲಿ, ಊರಿನವರು ಏನಂದಾರು? ನೋಡಿದಿರಾ, ಅಂಟು ಮೇಸ್ತ್ರಿ ಮತ್ತೆ ಅಂಟೇ ಹಾಕಿದ ಅಂತಾರೆ. ಹೊರಿಸಿದ ಸುಳ್ಳನ್ನು ಇವನೇ ಹೋಗಿ ನಿಜಮಾಡಿ ಕೊಟ್ಟ ಹಾಗಾಗುತ್ತದೆ.

ಹಾಗಾಗಕೂಡದು. ಒಂದು ತೊಟ್ಟು ಆಯಿಲೂ ಜಿನುಗಬಾರದು. ಒಡೆದರೆ ಅಣ್ಣನ ಕೈಯಲ್ಲೇ ಒಡೆಯಬೇಕು, ಎಲ್ಲರೂ ನೋಡುತ್ತಿರುವಾಗ ಒಡೆಯಬೇಕು.

ಬೆಂಚಿನ ಮೇಲೆ ಅರ್ಧ ಮುಗಿದ ಸೈಕಲ್ಲಿನ ಕೆಲಸ ಬಿದ್ದಿತ್ತು. ಸೈಕಲ್ಲಿನ ಎಡಗಡೆ ಪೆಡಲು ಎಲ್ಲ ಬೋಲ್ಟುಗಳ ಹಾಗಲ್ಲ, ಅದರ ಥ್ರೆಡ್ಡು ಉಲ್ಟಾ. ಲೋಕದ ಬೋಲ್ಟುಗಳೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಂಡರೆ, ಅದು ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅಂಥ ಥ್ರೆಡ್ ಕೊರೆಯುವ ಎಡ ಟ್ಯಾಪು ಬೆಳಗಿನಿಂದ ಅವನ ಕೈಯಲ್ಲೇ ಇತ್ತು. ಚಿಕ್ಕವನು ಟ್ಯಾಪನ್ನು ನೋಡಿದ, ಗಾಡಿಯ ತೂತನ್ನು ನೋಡಿದ. ಅವನ ಮುಖದ ಮೇಲೆ ಬಹಳ ದಿನಗಳಿಂದ ಕಾಣದಿದ್ದ ಒಂದು ನಗೆ ಬಂತು.

ಅಣ್ಣನ ಕೈಗೆ ಇದಕ್ಕಿಂತ ಒಳ್ಳೆಯ ಉರುಳು ಇಲ್ಲ. ಬಿಚ್ಚಲು ಹೋಗುತ್ತಾನೆ, ಅದು ಬಿಗಿಯಾಗುತ್ತದೆ. ಬರಲಿಲ್ಲ ಅಂದರೆ ಬೇರೆಯವನಾದರೆ ನಿಂತು ಯೋಚಿಸಿಯಾನು, ಯಾರು ಮಾಡಿದ್ದು, ಹೇಗೆ ಮಾಡಿದ್ದು ಅಂತ ಕೇಳಿಯಾನು. ಅಣ್ಣ ಪೈಪು ಹುಡುಕುತ್ತಾನೆ. ಪೈಪು ಹಾಕಿ ಎಳೆದರೆ ಎಂಜಿನ್ನಿನ ಹೊಟ್ಟೆಯೇ ಸೀಳುತ್ತದೆ. ಅದು ಬೀದಿಯಲ್ಲೇ ಆಗುತ್ತದೆ ಅನ್ನುವುದೂ ಖಾತ್ರಿ. ಸ್ವಂತ ಗಾಡಿಯ ಆಯಿಲನ್ನು ರಜೆಯ ದಿನ ಗ್ಯಾರೇಜಿನ ಮುಂದೆ, ಬೀದಿಯಲ್ಲೇ ಬದಲಿಸಬೇಕು ಅನ್ನುವುದು ಅಪ್ಪ ಹಾಕಿದ ಕಟ್ಟಳೆ. ನಮ್ಮ ಗಾಡಿಗೆ ಹೇಗೆ ಮಾಡುತ್ತೇವೆ ಅಂತ ಜನ ನೋಡಬೇಕು, ನೋಡಿ ತಮ್ಮ ಗಾಡಿ ಕೊಡಬೇಕು ಅನ್ನುತ್ತಿದ್ದ. ಅಣ್ಣ ಅಪ್ಪನ ಬೇರೆ ಯಾವ ಮಾತು ಕೇಳದಿದ್ದರೂ ಈ ಒಂದನ್ನು ಬಿಟ್ಟಿರಲಿಲ್ಲ. ಜೊತೆಗೆ ಹೊಸ ಥ್ರೆಡ್ ಹಾಕಿಸಿದ ಮೇಲೆ ಮೊದಲ ಆಯಿಲನ್ನು ಬೇಗ ಚೆಲ್ಲಬೇಕು, ಒಳಗೆಲ್ಲಾದರೂ ಪುಡಿ ಉಳಿದಿದ್ದರೆ ಹೋಗಲಿ ಅಂತ. ಹೆಚ್ಚು ಕಾಯುವ ಕೆಲಸವೂ ಇರಲಿಲ್ಲ.

ಇಷ್ಟು ಕೇಡು ಮನಸ್ಸಿನಲ್ಲಿಟ್ಟುಕೊಂಡು ಅವನು ಮಾಡಿದ ಕೆಲಸವನ್ನು ನೀವು ನೋಡಬೇಕಿತ್ತು. ತೂತನ್ನು ದೊಡ್ಡದಾಗಿ ಕೊರೆಯುವಾಗ ಡ್ರಿಲ್ಲಿಗೆ ಗ್ರೀಸು ಮೆತ್ತಿ, ಅಲ್ಯೂಮಿನಿಯಂ ಪುಡಿ ಅದಕ್ಕೇ ಅಂಟುವ ಹಾಗೆ ನೋಡಿಕೊಂಡ. ಸ್ವಲ್ಪ ಕೊರೆದು ಹೊರಗೆ ತೆಗೆದು ಒರೆಸಿ, ಮತ್ತೆ ಗ್ರೀಸು ಹಚ್ಚಿ ಕೊರೆದ. ಲೇತಿನಲ್ಲಿ ಉಕ್ಕಿನ ಬುಷ್ ಕಡೆದು, ಒಳಗೆ ಎಡ ಟ್ಯಾಪು ಓಡಿಸಿ, ಎಂಜಿನ್ನಿಗೆ ಕೂರಿಸಿದ. ಅದು ಎಂದೂ ಕದಲದ ಹಾಗೆ ಅಂಚಿನಲ್ಲಿ ಒಂದು ಸಣ್ಣ ಪಿನ್ನು ಹೊಡೆದ. ಅದಕ್ಕೆ ಜೋಡಿಯಾಗಿ ಎಡ ಥ್ರೆಡ್ಡಿನ ಬೋಲ್ಟು ಮಾಡಿದ. ಅದರ ತಲೆಯನ್ನು ಮಾತ್ರ ಹಳೆಯ ಬೋಲ್ಟಿನ ತಲೆಯ ಹಾಗೇ ಕೂದಲೆಳೆಯ ವ್ಯತ್ಯಾಸ ಬಾರದಂತೆ ಕಡೆದ. ಡೀಸೆಲ್ ಸುರಿದು ಸುರಿದು ಒಳಗೆಲ್ಲ ತೊಳೆದ. ಅಪ್ಪನ ಎಂಜಿನ್ನಿನೊಳಗೆ ಒಂದು ಚೂರು ಪುಡಿ ಉಳಿಯುವುದನ್ನೂ ಅವನಿಂದ ಸಹಿಸಲಾಗುತ್ತಿರಲಿಲ್ಲ. ಒಡೆಯಲೆಂದೇ ಕಳಿಸುತ್ತಿದ್ದ ಎಂಜಿನ್ನನ್ನು ಇಷ್ಟು ಅಚ್ಚುಕಟ್ಟಾಗಿ ತೊಳೆಯುವುದು ಹುಚ್ಚಲ್ಲದೆ ಇನ್ನೇನು?

ಹೊಸ ಆಯಿಲ್ ತುಂಬಿ, ಗಾಡಿ ಚಾಲೂ ಮಾಡಿ, ಕೆಳಗೆ ಬಿಳಿ ಕಾಗದ ಹಾಸಿ ಕಾದ. ಕಾಗದ ಬೆಳ್ಳಗೇ ಉಳಿಯಿತು. ಯಜಮಾನರು ಬಂದು ಬಗ್ಗಿ ನೋಡಿ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಬೆಂಚಿನ ಮೇಲಿದ್ದ ಟ್ಯಾಪನ್ನು ಕೈಗೆತ್ತಿಕೊಂಡರು. ಅದರ ಹಲ್ಲಿನಲ್ಲಿ ಸಿಕ್ಕಿದ್ದ ಹೊಸ ಉಕ್ಕಿನ ಸುರುಳಿಯನ್ನು ಉಗುರಿನಿಂದ ಕಿತ್ತು ನೋಡಿದರು. ಅವರ ಮುಖದ ಬಣ್ಣವೇ ಬದಲಾಯಿತು.

"ಎಡದ್ದು ಹಾಕಿದ್ಯಾ? ಅವರಿಗೆ ಹೇಳ್ತೀಯೋ ಇಲ್ವೋ?"

"ಕೇಳಿದ್ರೆ ಹೇಳ್ತೀನಿ."

ನಿನ್ನ ಅಣ್ಣ ಯಾರನ್ನೂ ಕೇಳುವವನಲ್ಲ ಅಂತ ಯಜಮಾನರು ಅಂದರು. ಅದು ನನಗೂ ಗೊತ್ತು ಅಂತ ಚಿಕ್ಕವನು ಅಂದ. ಯಜಮಾನರು ಟ್ಯಾಪನ್ನು ಇದ್ದಲ್ಲೇ ಇಟ್ಟು, ಈ ಪಾಪದಲ್ಲಿ ನನಗೆ ಪಾಲು ಬೇಡ ಎಂದು ಗೊಣಗುತ್ತ ತಮ್ಮ ಸ್ಟೂಲಿಗೆ ಹೋಗಿ ಕೂತರು.

ಮರುದಿನ ಅತ್ತಿಗೆ ಬಂದಳು. ಬೋಲ್ಟನ್ನು ಬಗ್ಗಿ ನೋಡಿದಳು, ಬೆರಳಿನಿಂದ ಸವರಿ ಒಣಗಿದೆಯೆಂದು ನೋಡಿಕೊಂಡಳು. ಗ್ಯಾರೇಜಿನವನ ಹೆಂಡತಿಯಲ್ಲವೇ, ಅಷ್ಟು ಗೊತ್ತಿತ್ತು. ಹೊರಡುವಾಗ ನಿಂತು, ನೀನು ಬಡವಾಗಿದ್ದೀಯ ಅಂದಳು. ಚಿಕ್ಕವನಿಗೆ ಮೈಯೆಲ್ಲ ಉರಿಯಿತು. ತಟ್ಟೆ ತೊಳೆದ ಕೈ ಇದು, ಈಗ ಮೈದುನನ ಮೈ ನೋಡಲು ಬಂದಿದೆ ಅಂದುಕೊಂಡ.

"ಅವರಿಗೆ ಏನಾದ್ರೂ ಹೇಳ್ಬೇಕಾ?" ಎಂದು ಅತ್ತಿಗೆ ಕೇಳಿದಳು.

"ಬಿಚ್ಚೋ ಮುಂಚೆ ನನ್ನನ್ನ ಒಂದು ಮಾತು ಕೇಳೋಕೆ ಹೇಳಿ."

ಅದನ್ನು ಹೇಳಿದ್ದು ಒಳ್ಳೆಯತನದಿಂದಲ್ಲ. ನಾಳೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದು, ಅಷ್ಟೇ. ಎಚ್ಚರಿಸಿಯೂ ಕೇಳದೆ ಒಡೆದುಕೊಂಡ ಅನ್ನುವುದರಲ್ಲಿ ಇನ್ನೂ ಹೆಚ್ಚಿನ ರುಚಿಯಿತ್ತು. ಅತ್ತಿಗೆ ಗಾಡಿಗೆ ಕಿಕ್ ಹೊಡೆದು ತಾನೇ ನಡೆಸಿಕೊಂಡು ಹೋದಳು. ಆ ಎಂಜಿನ್ನಿನ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕವನು ಬಾಗಿಲಲ್ಲಿ ನಿಂತಿದ್ದ.

ಅಣ್ಣ ಬಂದು ಕೇಳಲಿಲ್ಲ. ಯಾರ ಕೈಲೂ ಹೇಳಿ ಕಳಿಸಲಿಲ್ಲ. ಚಿಕ್ಕವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಪ್ರತಿ ರಜೆಯ ದಿನ ಬೆಳಿಗ್ಗೆ ಗ್ಯಾರೇಜಿನ ಎದುರಿಗಿದ್ದ ಕ್ಷೌರದಂಗಡಿಗೆ ಹೋಗಿ ಕೂರತೊಡಗಿದ. ಕ್ಷೌರಿಕ ತಮಾಷೆಯ ಮನುಷ್ಯ. ಗಡ್ಡ ಬೆಳೆಯುವುದಕ್ಕಾದರೂ ಬಿಡಪ್ಪ, ಬರೀ ಚರ್ಮಕ್ಕೆ ಸೋಪು ಹಚ್ಚಿ ಎಷ್ಟು ಕೆರೆಯಲಿ ಅಂತ ನಗುತ್ತಿದ್ದ. ಚಿಕ್ಕವನು ನಗುತ್ತಿರಲಿಲ್ಲ. ಅವನ ಕಣ್ಣು ಕನ್ನಡಿಯ ಮೇಲೆ, ಕನ್ನಡಿಯಲ್ಲಿ ಬೆನ್ನ ಹಿಂದಿನ ಬೀದಿಯ ಮೇಲೆ, ಬೀದಿಯಾಚೆ ಗ್ಯಾರೇಜಿನ ಬಾಗಿಲ ಮೇಲೆ. ಮನಸ್ಸಿನಲ್ಲಿ ಆ ಎಂಜಿನ್ನು ಅದೆಷ್ಟು ಸಲ ಒಡೆದಿತ್ತೋ. ಪ್ರತಿ ಸಲವೂ ಅಣ್ಣನ ಮುಖ ಇನ್ನಷ್ಟು ಸಣ್ಣಗಾಗುತ್ತಿತ್ತು. ಊಟಕ್ಕಿಂತ ಚೆನ್ನಾಗಿ ಆ ಯೋಚನೆಯೇ ಅವನ ಹೊಟ್ಟೆ ತುಂಬಿಸುತ್ತಿತ್ತು.

ಒಂದು ರಜೆಯ ದಿನ ಕೆನ್ನೆಗೆ ನೊರೆ ಹಚ್ಚಿ, ಒಂದು ಬದಿ ಬೋಳಿಸಿ ಮುಗಿದಿತ್ತು. ಅಷ್ಟರಲ್ಲಿ ಕನ್ನಡಿಯೊಳಗೆ ಹಸಿರು ಟ್ಯಾಂಕು ಕಾಣಿಸಿತು.

ಅಣ್ಣ ಗಾಡಿಯನ್ನು ಬೀದಿಯ ಅಂಚಿಗೆ ತಂದು ನಿಲ್ಲಿಸಿದ. ಅತ್ತಿಗೆ ಹ್ಯಾಂಡಲ್ ಹಿಡಿದುಕೊಂಡಳು. ಎಂದಿನ ಹಾಗೆ ಸುತ್ತ ಜನ ಸೇರಿದರು. ಪಕ್ಕದ ಟೇಲರು, ಸೋಡಾ ಅಂಗಡಿಯವನು, ಗಾಡಿ ರಿಪೇರಿಗೆ ಬಿಟ್ಟು ಕಾಯುತ್ತಿದ್ದವರು. ಅಣ್ಣ ಅವರ ಜೊತೆ ಏನೋ ಮಾತಾಡುತ್ತ, ನಗುತ್ತ, ಎಂಜಿನ್ನಿನ ಕೆಳಗೆ ತಗಡಿನ ತಟ್ಟೆ ಸರಿಸಿ ಕುಕ್ಕರುಗಾಲಿನಲ್ಲಿ ಕೂತ. ಅವನ ನೆತ್ತಿಯಲ್ಲಿ ಕೂದಲು ಹೋಗಿತ್ತು, ಹಿಂದಿನಿಂದ ನೋಡಿದರೆ ಥೇಟ್ ಅಪ್ಪನ ತಲೆ. ಪಾನಾ ಹಾಕಿ ಎಳೆದ.

ಚಿಕ್ಕವನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. ಪಾನಾದ ಎಳೆತ ಬಲಕ್ಕಿತ್ತು. ಗೊತ್ತಾಗಿಬಿಟ್ಟಿದೆ, ಯಜಮಾನರು ಹೇಳಿದ್ದಾರೆ, ಎಲ್ಲ ಹಾಳಾಯಿತು ಅಂದುಕೊಂಡ. ಆಮೇಲೆ ಹೊಳೆಯಿತು, ತಾನು ನೋಡುತ್ತಿರುವುದು ಕನ್ನಡಿಯಲ್ಲಿ. ಕ್ಷೌರಿಕನ ಕೈಯನ್ನು ತಳ್ಳಿ ಕುರ್ಚಿಯಲ್ಲೇ ತಿರುಗಿ ಕೂತು ನೋಡಿದ. ಅಣ್ಣ ಎಡಕ್ಕೇ ಎಳೆಯುತ್ತಿದ್ದ. ಬೋಲ್ಟು ಕದಲಲಿಲ್ಲ. ಅಣ್ಣ ಪಾನಾ ತೆಗೆದು ಒರೆಸಿ ಮತ್ತೆ ಹಾಕಿ ಎಳೆದ. ಕದಲಲಿಲ್ಲ. ಅತ್ತಿಗೆ ಬಗ್ಗಿ ಏನೋ ಹೇಳಿದಳು. ಅಣ್ಣ ತಲೆಯೆತ್ತದೆ ಕೈ ಬೀಸಿ ಅವಳ ಮಾತನ್ನು ತಳ್ಳಿಹಾಕಿದ, ಎದ್ದ, ಗ್ಯಾರೇಜಿನೊಳಗೆ ಹೋದ. ಪೈಪು ಹಿಡಿದುಕೊಂಡೇ ಬಂದ.

ಇಷ್ಟು ದಿನ ಕಾದದ್ದು ಇದಕ್ಕೇ ತಾನೇ? ಸುಮ್ಮನೆ ಕೂತು ನೋಡಿದ್ದರೆ ಆಗುತ್ತಿತ್ತು. ಚಿಕ್ಕವನಿಂದ ಕೂರಲಾಗಲಿಲ್ಲ. ಕುತ್ತಿಗೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು, ಒಂದು ಕೆನ್ನೆಯ ತುಂಬ ನೊರೆ. ಬೀದಿಗಿಳಿದು ನಡುವೆ ನಿಂತ. ಟೇಲರು ಅವನನ್ನು ನೋಡಿ ನಕ್ಕ, ಆಮೇಲೆ ಅವನ ಕಣ್ಣು ನೋಡಿ ನಗು ನಿಲ್ಲಿಸಿದ. ಅಣ್ಣ ಪಾನಾದ ತುದಿಗೆ ಪೈಪು ಸಿಕ್ಕಿಸಿ, ಒಂದು ಕಾಲನ್ನು ಬೀದಿಯಂಚಿನ ಕಲ್ಲಿಗೆ ಒತ್ತಿ ಕೂತಿದ್ದ. ಇನ್ನೇನು ಎಳೆಯಬೇಕು.

ಚಿಕ್ಕವನು ಆ ಕ್ಷಣದಲ್ಲೇ ತನ್ನೊಳಗೆ ಒಂದು ತೀರ್ಮಾನ ಮಾಡಿಕೊಂಡ. ಈಗಲಾದರೂ ಅಣ್ಣ ನಿಜ ಹೇಳಿದರೆ, ಓಡಿ ಹೋಗಿ ಆ ಪೈಪನ್ನು ಹಿಡಿದುಕೊಳ್ಳುತ್ತೇನೆ. ಹೇಳದಿದ್ದರೆ ಇಲ್ಲ.

"ಅಣ್ಣಾ, ಅಂಚೆಯಣ್ಣನ ಗಾಡಿಗೆ ಅಂಟು ಹಾಕಿದ್ದು ಯಾರು?"

ಬೀದಿಗೆ ಬೀದಿಯೇ ಕೇಳುವ ಹಾಗೆ ಕೇಳಿದ್ದ. ಅಣ್ಣ ತಲೆಯೆತ್ತಿದ. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದರು. ಅಣ್ಣ ಹೇಳಬೇಕಾದದ್ದು ಅಂದು ಹೇಳಿದ್ದ ಅದೇ ಒಂದು ಮಾತು. ಬೆರಳು ತೋರಿಸಿ ನೀನೇ ಅಂದಿದ್ದರೆ ಸಾಕಾಗಿತ್ತು, ಊರು ಈ ಸಲವೂ ನಂಬುತ್ತಿತ್ತು, ನೊರೆ ಮೆತ್ತಿಕೊಂಡು ನಿಂತ ಹುಚ್ಚನನ್ನು ನೋಡಿ ನಗುತ್ತಿತ್ತು. ಅಣ್ಣನ ತುಟಿ ಅಲುಗಿತು. ಅವನು ಸುತ್ತ ನಿಂತವರನ್ನು ನೋಡಿದ, ಹ್ಯಾಂಡಲ್ ಹಿಡಿದ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಅಣ್ಣನ ಕುತ್ತಿಗೆ, ಕಿವಿ ಎಲ್ಲ ಕೆಂಪಗಾದವು. ಅವನ ಬೆರಳು ಪೈಪು ಬಿಟ್ಟು ಮೇಲೇಳಲಿಲ್ಲ.

ಬಗ್ಗಿ, ಹಲ್ಲು ಕಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಪೈಪಿನ ಮೇಲೆ ಹಾಕಿ ಎಳೆದುಬಿಟ್ಟ.

ಫಟ್ ಎಂದ ಸದ್ದು ಬೀದಿಯ ಆ ತುದಿಯವರೆಗೂ ಕೇಳಿಸಿತು. ಅಣ್ಣ ಪೈಪಿನ ಸಮೇತ ಹಿಂದಕ್ಕೆ ಬಿದ್ದ. ಎಂಜಿನ್ನಿನ ಹೊಟ್ಟೆಯಿಂದ ಅಂಗೈಯಷ್ಟು ತುಂಡು ಬೋಲ್ಟಿನ ಜೊತೆಗೇ ಕಿತ್ತು ಬಂದು ತಟ್ಟೆಯೊಳಗೆ ಉರುಳಿತು, ಅದರ ಮೇಲೆ ಆಯಿಲೆಲ್ಲ ದಬದಬ ಸುರಿಯಿತು. ತಟ್ಟೆ ತುಂಬಿ, ಹೊರಗೆ ಚೆಲ್ಲಿ, ಕಲ್ಲುಗಳ ಸಂದಿಯಲ್ಲಿ ಹರಿಯತೊಡಗಿತು. ನಿಂತವರು ಒಬ್ಬೊಬ್ಬರಾಗಿ ಚಪ್ಪಲಿ ಹಿಂದಕ್ಕೆ ಎಳೆದುಕೊಂಡರು. ಎಲ್ಲರೂ ಗಾಡಿಯನ್ನು ಬಿಟ್ಟು ಅಣ್ಣನ ಮುಖ ನೋಡುತ್ತಿದ್ದರು.

ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದ ಕ್ಷೌರಿಕ ಪಕ್ಕದವನಿಗೆ ಮೆಲ್ಲಗೆ ಹೇಳಿದ.

"ಇವನೇ ಅಂತ ಈ ಸಲ ಹೇಳಲಿಲ್ಲ ನೋಡು."

ಪಕ್ಕದವನು ಹೌದು ಅಂತ ತಲೆಯಾಡಿಸಿದ. ಟೇಲರೂ ತಲೆಯಾಡಿಸಿದ. ಅದು ಚಿಕ್ಕವನ ಕಿವಿಗೆ ಬಿತ್ತು. ಅಣ್ಣ ಬಾಯಿಬಿಡದಿದ್ದರೂ ಬೀದಿಗೆ ನಿಜ ಗೊತ್ತಾಗಿತ್ತು, ಇಷ್ಟು ವರ್ಷ ಬೇಕು ಬೇಕು ಅಂದುಕೊಂಡದ್ದು ಕೊನೆಗೂ ಸಿಕ್ಕಿತ್ತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅಪ್ಪನ ಎಂಜಿನ್ನಿನಲ್ಲಿ ಬಿದ್ದ ತೂತಿನೊಳಗೆ ಗೇರುಗಳ ಹಲ್ಲು ಬಿಸಿಲಿಗೆ ಹೊಳೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಆ ಗೇರುಗಳನ್ನು ಹೀಗೆ ಬೀದಿಯ ಬೆಳಕಿನಲ್ಲಿ ಅವನು ಎಂದೂ ನೋಡಿರಲಿಲ್ಲ. ಕಾಲು ತಾನಾಗಿ ಗ್ಯಾರೇಜಿನ ಕಡೆಗೆ ಹೋಯಿತು.

ಅಣ್ಣ ಎದ್ದಿರಲಿಲ್ಲ. ಆಯಿಲಿನಲ್ಲೇ ಕೂತು, ತಟ್ಟೆಯೊಳಗೆ ಕೈ ಹಾಕಿ ಆ ತುಂಡನ್ನು ಎತ್ತಿಕೊಂಡ. ಅಂಗಿಯ ಅಂಚಿನಲ್ಲಿ ಅದನ್ನು ಒರೆಸಿದ. ಒಡೆದ ಅಲ್ಯೂಮಿನಿಯಂ, ಅದರೊಳಗೆ ಬುಷ್, ಬುಷ್ಷಿನೊಳಗೆ ಬೋಲ್ಟು. ಪಿನ್ನು ಹೊಡೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಕೆಲಸ ಗೊತ್ತಿದ್ದವನ ಬೆರಳದು, ಕೈ ಎಷ್ಟೇ ಭಾರವಿರಲಿ. ಬೋಲ್ಟಿನ ತಲೆ ಹಿಡಿದು ಎಡಕ್ಕೆ ತಿರುಗಿಸಿದ. ಬರಲಿಲ್ಲ. ಆಮೇಲೆ ಬಲಕ್ಕೆ ತಿರುಗಿಸಿದ. ತಲೆಯಡಿಯ ಅಲ್ಯೂಮಿನಿಯಂ ಸೀಳಿ ಬಿಗಿ ಸಡಿಲಿತ್ತು, ಪಾನಾ ಇಲ್ಲದೆ, ಪೈಪು ಇಲ್ಲದೆ, ಎರಡೇ ಬೆರಳಿಗೆ ಬೋಲ್ಟು ಬೆಣ್ಣೆಯ ಹಾಗೆ ಬಿಚ್ಚಿಕೊಂಡು ಬಂತು.

"ಕೇಳಿದ್ರೆ ಹೇಳ್ತಿದ್ಯಾ?" ಅಂದ, ತಲೆಯೆತ್ತದೆ.

"ನೀನು ನಿಜ ಹೇಳಿದ್ರೆ ನಾನೂ ಹೇಳ್ತಿದ್ದೆ."

ಅತ್ತಿಗೆ ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ. ಚಿಕ್ಕವನ ಕೆನ್ನೆಯ ಮೇಲೆ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಅವನು ಕಾಲಿನಿಂದ ತಗಡಿನ ತಟ್ಟೆಯನ್ನು ಇನ್ನೂ ತೊಟ್ಟಿಕ್ಕುತ್ತಿದ್ದ ಕಡೆಗೆ ಸ್ವಲ್ಪ ಸರಿಸಿದ. ಅಣ್ಣ ಬೋಲ್ಟನ್ನು ಬೆಳಕಿಗೆ ಹಿಡಿದು ಥ್ರೆಡ್ಡಿನ ಸುತ್ತುಗಳನ್ನು ನೋಡಿದ. ಮತ್ತೆ ಬುಷ್ಷಿನ ಬಾಯಿಗಿಟ್ಟು ಎಡಕ್ಕೆ ತಿರುಗಿಸಿ ಕೂರಿಸಿದ, ಬಲಕ್ಕೆ ತಿರುಗಿಸಿ ತೆಗೆದ, ಮತ್ತೆ ಕೂರಿಸಿದ.